ಕಿವಿ ಮುಚ್ಚಿ ಕಾದ ಗರ್ನಾಲು

(ಕಾಸರಗೋಡಿನ ಬದಿಯಡ್ಕದ ಹತ್ತಿರದ ಒಂದು ಊರಿನ ವಾಚನಾಲಯದಲ್ಲಿ ಸಂಜೆ ಹೊತ್ತು ಆಡಿದ ಮಾತುಗಳ ಬರಹ ರೂಪ. ಅಂದು ಬಿಟ್ಟುಹೋದ ಒಂದೆರಡು ಸಂಗತಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಹಿರಿಯರಿಗೆ, ವಾಚನಾಲಯದ ಗೆಳೆಯರಿಗೆ, ಮುಂದೆ ಚಾಪೆಯಲ್ಲಿ ಕೂತ ಮಕ್ಕಳಿಗೆ ನಮಸ್ಕಾರ.

ಈ ಮಾತಿಗೆ ಕಾರಣ ನಿಮ್ಮ ನಡುವೆಯೇ ಕೂತಿರುವ ಪ್ಲಸ್ ಟೂ ಓದುವ ಒಬ್ಬಳು ಹುಡುಗಿ. ಹೋದ ತಿಂಗಳು ಇದೇ ಮೆಟ್ಟಿಲಿನಲ್ಲಿ ನನ್ನನ್ನು ನಿಲ್ಲಿಸಿ ಒಂದು ಇಂಗ್ಲಿಷ್ ಪತ್ರಿಕೆಯನ್ನು ಮುಂದೆ ಹಿಡಿದಳು. ಒಂದು ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಳು. ಯಾವುದೋ ಮುಷ್ಕರ 'ಡ್ಯಾಂಪ್ ಸ್ಕ್ವಿಬ್' ಆಯಿತು ಅಂತ ಅದರಲ್ಲಿತ್ತು. "ಟೀಚರ್, ಡಿಕ್ಷನರಿ ನೋಡಿದೆ. ನಿರೀಕ್ಷೆ ಹುಸಿ ಮಾಡಿದ ಸಂಗತಿ ಅಂತ ಉಂಟು. ಅರ್ಥ ಗೊತ್ತಾಯ್ತು. ಆದ್ರೆ ಈ ವಸ್ತು ಎಂತ ಅಂತ ಗೊತ್ತಾಗ್ಲಿಲ್ಲ" ಅಂದಳು.

31 ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವಳು ನಾನು. ಇಷ್ಟು ಸರಿಯಾದ ಪ್ರಶ್ನೆ ತರಗತಿಯಲ್ಲಿ ಕೇಳಿಬಂದದ್ದು ಬಹಳ ಕಡಿಮೆ. ನಾವು ನುಡಿಗಟ್ಟುಗಳನ್ನು ಪಟ್ಟಿ ಮಾಡಿ ಕಲಿಸಿದೆವು. ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ, ನಡುವೆ ಒಂದು ಗೀಟು. ಮಕ್ಕಳು ಬಾಯಿಪಾಠ ಮಾಡಿದರು, ಎರಡು ಮಾರ್ಕು ಬಂತು, ಪರೀಕ್ಷೆ ಮುಗಿದ ಮೇಲೆ ಮರೆತರು. ವಸ್ತುವನ್ನು ಕಣ್ಣಮುಂದೆ ತರದೆ ಅರ್ಥವನ್ನು ಮಾತ್ರ ಕೊಟ್ಟರೆ ಹಾಗೇ ಆಗುವುದು. ಆದ್ದರಿಂದ ಇವತ್ತು ವಸ್ತುವಿನಿಂದಲೇ ಶುರು ಮಾಡುತ್ತೇನೆ.

ಸ್ಕ್ವಿಬ್ ಅಂದರೆ ಸಣ್ಣ ಪಟಾಕಿ. ಕಾಗದದ ಕೊಳವೆಯೊಳಗೆ ಕರಿಮದ್ದು ತುಂಬಿ, ಬಾಯಿಗೆ ಒಂದು ಬತ್ತಿ. ಕಿಡಿ ತಾಗಿಸಿದರೆ ಮೊದಲು ಸುಯ್ಯೆಂದು ಉರಿದು ಕೊನೆಗೆ ಢಬ್ ಎನ್ನಬೇಕು. 16ನೆಯ ಶತಮಾನದಿಂದಲೇ ಇಂಗ್ಲಿಷಿನಲ್ಲಿ ಈ ಪದ ಉಂಟು. ಅದು ಉರಿಯುವ ಸದ್ದನ್ನೇ ಅನುಕರಿಸಿ ಹುಟ್ಟಿದ್ದಿರಬೇಕು ಅಂತ ಊಹೆ. ಡ್ಯಾಂಪ್ ಅಂದರೆ ತೇವ. ಎರಡೂ ಸೇರಿದರೆ ತೇವ ಹಿಡಿದ ಪಟಾಕಿ.

ನಮಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ. ಬೆಡಿ, ಅಂದರೆ ಜಾತ್ರೆಯಲ್ಲಿ ಸಿಡಿಸುವ ಪಟಾಕಿ, ನೋಡಿ ಬೆಳೆದವರು ನಾವು. ಮಕರ ಸಂಕ್ರಮಣದ ಹೊತ್ತಿಗೆ ಕುಂಬಳೆಯ ಕಣಿಪುರ ಗೋಪಾಲಕೃಷ್ಣ ದೇವಸ್ಥಾನದ ಜಾತ್ರೆ ಬಂದರೆ, ಇಲ್ಲಿಯವರು ಜಾತ್ರೆಗೆ ಹೋಗುತ್ತೇವೆ ಅನ್ನುವುದಕ್ಕಿಂತ 'ಕುಂಬಳೆ ಬೆಡಿಗೆ' ಹೋಗುತ್ತೇವೆ ಅನ್ನುವುದೇ ಹೆಚ್ಚು. ಸುಡುಮದ್ದು ಎಂಬ ಮಾತೂ ನಮ್ಮ ಕಡೆ ಇದೆ. ಮದ್ದು ಅಂದರೆ ನಮಗೆ ಜ್ವರಕ್ಕೆ ಕುಡಿಯುವುದೂ ಹೌದು, ಬೆಂಕಿ ತಾಗಿದರೆ ಸಿಡಿಯುವುದೂ ಹೌದು.

ನಮ್ಮ ಮನೆಯ ಒಂದು ದೀಪಾವಳಿ ಹೇಳುತ್ತೇನೆ. ಆ ಕಾಲಕ್ಕೆ ತುಲಾ ತಿಂಗಳ ಮಳೆ ಇನ್ನೂ ಹೋಗಿರುವುದಿಲ್ಲ. ಮಧ್ಯಾಹ್ನದ ತನಕ ಬಿಸಿಲು, ಮೂರು ಗಂಟೆಗೆ ಗುಡ್ಡದ ಹಿಂದಿನಿಂದ ಗುಡುಗು, ಆಮೇಲೆ ಜಡಿಮಳೆ. ಆ ವರ್ಷ ಅಪ್ಪ ಪೇಟೆಯಿಂದ ಒಂದೇ ಒಂದು ದೊಡ್ಡ ಗರ್ನಾಲು, ಅಂದರೆ ಭಾರೀ ಸದ್ದಿನ ಪಟಾಕಿ, ತಂದಿದ್ದರು. ಉಳಿದದ್ದೆಲ್ಲ ಕೇಪು, ನಕ್ಷತ್ರಕಡ್ಡಿ. ಗರ್ನಾಲನ್ನು ಅಟ್ಟದ ಮೇಲೆ ಇಟ್ಟಿದ್ದರು, ಹಂಚಿನ ಸಂದಿನಿಂದ ಎರಚಲು ಬೀಳುವ ಜಾಗ ಅಂತ ಯಾರಿಗೂ ಹೊಳೆಯಲಿಲ್ಲ. ನಾಲ್ಕು ದಿನ ನಾವು ಮಕ್ಕಳು ಏಣಿ ಹತ್ತಿ ಅದನ್ನು ನೋಡಿ ಬರುತ್ತಿದ್ದೆವು. ಹಬ್ಬದ ರಾತ್ರಿ ಅಣ್ಣ ಅದನ್ನು ಅಂಗಳದ ನಡುವೆ ನಿಲ್ಲಿಸಿದ. ಅಜ್ಜಿಯನ್ನು ಜಗಲಿಗೆ ಕರೆದುಕೊಂಡು ಬಂದು ಕೂರಿಸಿದೆವು. ದನ ಹೆದರುತ್ತದೆ ಅಂತ ಅಮ್ಮ ಹಟ್ಟಿಯ ಬಾಗಿಲು ಎಳೆದರು. ಆಚೆ ಮನೆಯವರಿಗೂ ಕೂಗಿ ಹೇಳಿದ್ದಾಯಿತು. ಅಣ್ಣ ಬತ್ತಿಗೆ ಕಿಡಿ ತಾಗಿಸಿ ಓಡಿ ಬಂದ. ನಾವೆಲ್ಲ ಎರಡು ಕಿವಿಗೂ ಬೆರಳು ತುರುಕಿ, ಕಣ್ಣು ಅರ್ಧ ಮುಚ್ಚಿ, ಹೆಗಲು ಮೇಲೆತ್ತಿ ನಿಂತೆವು.

ಬತ್ತಿ ಉರಿಯಿತು. ಒಂದು ಸಣ್ಣ ಹೊಗೆ ನೆಟ್ಟಗೆ ಎದ್ದು ಅಡಿಕೆ ಮರದ ಕಡೆಗೆ ವಾಲಿತು. ಸುಯ್ ಅಂತ ಒಂದು ಸದ್ದು, ಅದೂ ಬೆರಳಿನ ಸಂದಿನಿಂದ ಕೇಳಿದ್ದು. ಆಮೇಲೆ ಕಪ್ಪೆ ಕೂಗುವುದು ಕೇಳಿಸಿತು. ನಾವು ಬೆರಳು ತೆಗೆಯಲಿಲ್ಲ. ಈಗ ಸಿಡಿಯುತ್ತದೆ, ಇನ್ನೊಂದು ಗಳಿಗೆಗೆ ಸಿಡಿಯುತ್ತದೆ ಅಂತ ಎಷ್ಟು ಹೊತ್ತು ನಿಂತೆವೋ ಗೊತ್ತಿಲ್ಲ. ತಮ್ಮನಿಗೆ ಆಗ ಐದು ವರ್ಷ. ಅವನ ಕೈ ಸೋತು ನಡುಗುತ್ತಿತ್ತು, ಆದರೂ ಕಿವಿ ಬಿಡಲಿಲ್ಲ. ಕೊನೆಗೆ ಅಪ್ಪ, ಯಾರೂ ಹತ್ತಿರ ಹೋಗಬೇಡಿ ಅಂತ ಗದರಿಸಿ, ದೂರದಿಂದ ಒಂದು ಕೊಡ ನೀರು ಚೆಲ್ಲಿದರು. ಹೊತ್ತದ ಗರ್ನಾಲಿನ ಹತ್ತಿರ ಹೋಗಬಾರದು. ಮಕ್ಕಳೇ, ಇದೊಂದನ್ನು ನೆನಪಿಡಿ, ಸತ್ತಿದೆ ಅಂದುಕೊಂಡದ್ದು ಕೈಯಲ್ಲಿ ಸಿಡಿದ ಕತೆಗಳು ಪ್ರತಿ ಊರಲ್ಲಿಯೂ ಇವೆ.

ನನ್ನ ಮಟ್ಟಿಗೆ ಈ ನುಡಿಗಟ್ಟಿನ ಪ್ರಾಣ ಇರುವುದು ಕಿವಿಯಲ್ಲಿದ್ದ ಆ ಬೆರಳುಗಳಲ್ಲಿ. ಸ್ವಲ್ಪ ಯೋಚಿಸಿ ನೋಡಿ. ಸಂಸ್ಕೃತದ 'ನಿರೀಕ್ಷೆ'ಯ ಒಳಗೆ ಇರುವುದು ನೋಡುವ ಧಾತು. ನಾವು ಅಚ್ಚ ಕನ್ನಡದಲ್ಲಿ ಎದುರು ನೋಡುತ್ತೇವೆ, ದಾರಿ ನೋಡುತ್ತೇವೆ. ಇಂಗ್ಲಿಷಿನ 'ಎಕ್ಸ್‌ಪೆಕ್ಟ್' ಕೂಡ ಲ್ಯಾಟಿನಿನಲ್ಲಿ ಹೊರಗೆ ನೋಡುತ್ತಿರುವುದು ಎಂಬ ಮಾತಿನಿಂದ ಬಂದದ್ದು. ಎಲ್ಲರೂ ಕಣ್ಣಿನಿಂದ ಕಾಯುವವರೇ. ಈ ಒಂದು ನುಡಿಗಟ್ಟು ಮಾತ್ರ ಕಿವಿಯಿಂದ ಕಾಯುತ್ತದೆ. ಅದೂ ಕಿವಿ ತೆರೆದು ಕಾಯುವುದಲ್ಲ, ಮುಚ್ಚಿ ಕಾಯುವುದು. ಬರುವುದು ಅಷ್ಟು ದೊಡ್ಡದು ಎಂಬ ನಂಬಿಕೆ ಅದರಲ್ಲಿ ಉಂಟು. 'ನಿರೀಕ್ಷೆ ಹುಸಿಯಾಯಿತು' ಅಂತ ಬಲಗಡೆ ಬರೆದರೆ ಆ ಬೆರಳುಗಳು ಬಿಟ್ಟುಹೋಗುತ್ತವೆ.

ಇನ್ನು ತೇವದ ವಿಚಾರ. ಕರಿಮದ್ದಿನಲ್ಲಿ ಇರುವುದು ಮೂರು ವಸ್ತು: ಪೆಟ್ಲುಪ್ಪು, ಇದ್ದಿಲು, ಗಂಧಕ. ರೂಢಿಯ ಲೆಕ್ಕ 100 ಪಾಲಿನಲ್ಲಿ 75 ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಇದ್ದಿಲು ಗಾಳಿಯ ಪಸೆಯನ್ನು ಎಳೆದುಕೊಳ್ಳುತ್ತದೆ. ಪೆಟ್ಲುಪ್ಪು ನೀರಿನಲ್ಲಿ ಕರಗುವಂಥದು. ತೇವ ಇಳಿದರೆ ಬೆಂಕಿ ಓಡುವ ವೇಗ ಸಾಯುತ್ತದೆ. ಪೂರ್ತಿ ನೆನೆದರಂತೂ ಕರಗಿದ ಉಪ್ಪು ಒಣಗುವಾಗ ಬೇರೆಯೇ ಹರಳಾಗಿ ಕೂರುತ್ತದೆ, ಮೂರರ ಹದವಾದ ಬೆರಕೆ ಕೈತಪ್ಪುತ್ತದೆ. ಆಟಿ ತಿಂಗಳಲ್ಲಿ, ಅಂದರೆ ಮಳೆಗಾಲದ ನಡುವೆ, ಅಡುಗೆಮನೆಯ ಉಪ್ಪಿನ ಭರಣಿ ತನ್ನಷ್ಟಕ್ಕೆ ನೀರು ಬಿಟ್ಟುಕೊಳ್ಳುವುದನ್ನು ಕಂಡವರಿಗೆ ಇದನ್ನು ಕಷ್ಟಪಟ್ಟು ವಿವರಿಸಬೇಕಾಗಿಲ್ಲ.

ಇಂಗ್ಲೆಂಡಿನವರು ಪಟಾಕಿ ಹೊಡೆಯುವ ದೊಡ್ಡ ದಿನ ನವೆಂಬರ್ 5. ಅಲ್ಲಿ ಅದು ಚಳಿ, ಮಂಜು, ಜಿನುಗು ಮಳೆಯ ಕಾಲ. ಆ ದಿನದ ಹಿಂದಿನ ಕತೆ 1605ರದ್ದು. ಪಾರ್ಲಿಮೆಂಟಿನ ಕಟ್ಟಡದ ಕೆಳಗೆ 36 ಪೀಪಾಯಿ ಮದ್ದು ಕೂಡಿಟ್ಟು, ರಾಜ ಒಳಗಿರುವಾಗ ಸಿಡಿಸಬೇಕು ಅಂತ ಕೆಲವರು ಸಂಚು ಮಾಡಿದರು. ಕಾವಲಿಗೆ ಇದ್ದ ಗೈ ಫಾಕ್ಸ್ ಎಂಬವ ಸಿಕ್ಕಿಬಿದ್ದ. ರಾಜ ಉಳಿದ ಸಂತೋಷಕ್ಕೆ ಶುರುವಾದ ಬೆಂಕಿಹಬ್ಬ ಇಂದಿಗೂ ನಡೆಯುತ್ತದೆ. ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಇನ್ನೊಂದು. ಪ್ಲೇಗಿನ ಭಯದಿಂದ ಪಾರ್ಲಿಮೆಂಟು ಸೇರುವುದು ಮುಂದಕ್ಕೆ ಹೋಗುತ್ತಾ ಹೋಯಿತು. ಕೂಡಿಟ್ಟ ಮದ್ದು ತಿಂಗಳುಗಟ್ಟಲೆ ನೆಲಮಾಳಿಗೆಯಲ್ಲಿ ಕೂತು ಕೆಟ್ಟಿತು, ಸಂಚುಗಾರರು ಪುನಃ ಹೊಸ ಮದ್ದು ತಂದು ಇಡಬೇಕಾಯಿತು. ಹಿಡಿದ ಮೇಲೆ ಅದನ್ನು ಲಂಡನ್ ಗೋಪುರದ ಉಗ್ರಾಣಕ್ಕೆ ಸಾಗಿಸಿದಾಗಲೂ ಕೆಟ್ಟದ್ದು ಎಂದೇ ಬರೆದುಕೊಂಡರು. ಆ ನಾಡಿನ ಪಟಾಕಿ ಹಬ್ಬದ ಬುಡದಲ್ಲಿಯೇ ಕೆಟ್ಟ ಮದ್ದು ಇದೆ. 'ಡ್ಯಾಂಪ್ ಸ್ಕ್ವಿಬ್' ಎಂಬ ಮಾತು ಅಲ್ಲಿಂದಲೇ ಹುಟ್ಟಿತು ಅಂತ ನಾನು ಹೇಳುವುದಿಲ್ಲ, ಅದು ಬಳಕೆಗೆ ಬಂದದ್ದು 19ನೆಯ ಶತಮಾನದಲ್ಲಿ. ಆದರೆ ಇಂಥ ಹವೆ, ಇಂಥ ಹಬ್ಬ ಇರುವ ಊರಿನಲ್ಲಿ ಆ ಮಾತು ಹುಟ್ಟದೇ ಇದ್ದಿದ್ದರೆ ಆಶ್ಚರ್ಯಪಡಬೇಕಿತ್ತು. ಅಮೆರಿಕದವರು ಇದನ್ನು ಅಷ್ಟಾಗಿ ಆಡುವುದಿಲ್ಲ. ಇದು ಬ್ರಿಟಿಷರದು, ಅವರಿಂದ ನಮ್ಮ ದೇಶದ ಇಂಗ್ಲಿಷ್ ಪತ್ರಿಕೆಗಳಿಗೆ ಬಂದು ಇಲ್ಲಿ ಗಟ್ಟಿಯಾಗಿ ಬೇರು ಬಿಟ್ಟಿದೆ.

ಹಾಗಾದರೆ ಯಾವಾಗ ಬಳಸಬೇಕು? ಮೊದಲು ದೊಡ್ಡ ಸದ್ದು ಆಗುತ್ತದೆ ಅಂತ ಯಾರಾದರೂ ಸಾರಿರಬೇಕು. ನಾಳೆ ಹರತಾಳ, ಒಂದು ಬಸ್ಸೂ ಓಡುವುದಿಲ್ಲ, ಒಂದು ಅಂಗಡಿಯೂ ತೆರೆಯುವುದಿಲ್ಲ ಅಂತ ಮೈಕಿನಲ್ಲಿ ಕೂಗಿ ಹೋದರು ಅಂತ ಇಟ್ಟುಕೊಳ್ಳಿ. ಬೆಳಗ್ಗೆ ಎದ್ದು ನೋಡಿದರೆ ಬಸ್ಸು ಓಡುತ್ತಿದೆ, ಹೋಟೆಲಿನಲ್ಲಿ ಪೂರಿ ಬೇಯುತ್ತಿದೆ. ಆ ಹರತಾಳ ಡ್ಯಾಂಪ್ ಸ್ಕ್ವಿಬ್. ಯಾರೂ ಸಾರದೆ, ಯಾರೂ ಕಾಯದೆ ನಡೆದ ಒಂದು ಸಪ್ಪೆ ಸಭೆಗೆ ಆ ಹೆಸರು ಒಪ್ಪುವುದಿಲ್ಲ. ಆಟ, ಪಂದ್ಯ, ಚುನಾವಣಾ ಪ್ರಚಾರ, ಸಿನಿಮಾದ ಮೊದಲ ದಿನ, ಪತ್ರಿಕಾಗೋಷ್ಠಿ, ಇಂಥದ್ದಕ್ಕೆಲ್ಲ ಒಪ್ಪುತ್ತದೆ. ವಾಕ್ಯದಲ್ಲಿ ಸಾಮಾನ್ಯವಾಗಿ 'ಹಾಗೆ ಆಗಿಹೋಯಿತು' ಎಂಬ ಅರ್ಥದ ಕ್ರಿಯಾಪದದ ಜೊತೆಗೆ ಬರುತ್ತದೆ: 'ಟರ್ನ್‌ಡ್ ಔಟ್ ಟು ಬಿ ಎ ಡ್ಯಾಂಪ್ ಸ್ಕ್ವಿಬ್'. ಬತ್ತಿ ಉರಿದು ಮುಗಿದ ಮೇಲೆ ಆಡುವ ಮಾತು ಅದು.

ಇಲ್ಲಿ ಒಂದು ತಪ್ಪಿನ ಕತೆ ಹೇಳಬೇಕು. ತಪ್ಪು ಅಂತ ಹೇಳುತ್ತೇನೆ, ಆದರೆ ನನಗೆ ಅದರ ಮೇಲೆ ತುಂಬ ಪ್ರೀತಿ. ಕಡಪ್ಪುರದ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗ ಉತ್ತರಪತ್ರಿಕೆಯಲ್ಲಿ 'ಡ್ಯಾಂಪ್ ಸ್ಕ್ವಿಡ್' ಅಂತ ಬರೆದಿದ್ದ. ಸ್ಕ್ವಿಡ್ ಅಂದರೆ ಬೊಂಡಾಸು, ಮಲಯಾಳದವರ ಕೂಂದಲ್. ನಾನು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದೆ. ಆಮೇಲೆ ಓದಿ ತಿಳಿದದ್ದು ಏನೆಂದರೆ, ಇಂಗ್ಲೆಂಡಿನಲ್ಲಿಯೇ ಎಷ್ಟೋ ಜನ ಹೀಗೆ ಹೇಳುತ್ತಾರೆ. ಸ್ಕ್ವಿಬ್ ಎಂಬ ಪಟಾಕಿಯ ಹೆಸರು ಬಳಕೆಯಿಂದ ಜಾರಿದ ಹಾಗೆ, ಕಿವಿ ಹತ್ತಿರದ ಪರಿಚಿತ ಪದವನ್ನು ಹಿಡಿದುಕೊಂಡಿತು. ಸಮುದ್ರದ ಜೀವಿ ತೇವ ಇರದೆ ಇನ್ನೇನು ಅಂತ ಬಲ್ಲವರು ತಿದ್ದುತ್ತಾರೆ.

ಆದರೆ ಆ ಹುಡುಗನ ಹತ್ತಿರ ಒಂದು ಸಮಾಧಾನ ಇತ್ತು. ಉತ್ತರಪತ್ರಿಕೆ ಹಿಂದೆ ಕೊಟ್ಟ ದಿನ ಮೇಜಿನ ಹತ್ತಿರ ಬಂದ. "ಟೀಚರ್, ಬೊಂಡಾಸು ಬಲೆಯಲ್ಲಿ ಬರುವಾಗ ಮೈ ಇಡೀ ಬಣ್ಣ ಓಡ್ತಾ ಇರ್ತದೆ. ಕೆಂಪು, ಕಂದು, ಚುಕ್ಕಿ ಚುಕ್ಕಿ. ಬುಟ್ಟಿಗೆ ಹಾಕಿ ದಡಕ್ಕೆ ತರುವಾಗ ಬರೇ ಬಿಳಿ. ನಾನು ಅದೇ ಅಂತ ಎಣಿಸಿದೆ" ಅಂದ. ಅವನ ಮಾತು ನಿಜ. ಬೊಂಡಾಸಿನ ಚರ್ಮದಲ್ಲಿ ಬಣ್ಣದ ಸಣ್ಣ ಸಣ್ಣ ಚೀಲಗಳಿವೆ, ಜೀವ ಇರುವಾಗ ಅವು ಹಿಗ್ಗಿ ಕುಗ್ಗಿ ಮೈಯನ್ನು ಮಿನುಗಿಸುತ್ತವೆ, ಸತ್ತ ಮೇಲೆ ಬಿಳಿಚಿಕೊಳ್ಳುತ್ತದೆ. ಪದ ತಪ್ಪಿತ್ತು. ಆದರೆ ಬಲೆಯಲ್ಲಿ ಹೊಳೆದದ್ದು ಬುಟ್ಟಿಯಲ್ಲಿ ಉಳಿಯಲಿಲ್ಲ ಎಂಬ ಅನುಭವ ಆ ಹುಡುಗನಿಗೆ ಡಿಕ್ಷನರಿ ಬರೆದವರಿಗಿಂತ ಚೆನ್ನಾಗಿ ಗೊತ್ತಿತ್ತು. ಒಂದು ನುಡಿಗಟ್ಟಿನೊಳಗೆ ಒಂದು ವಸ್ತು ಇರಲೇಬೇಕು ಅಂತ ಅವನ ಮನಸ್ಸು ಹುಡುಕಿತ್ತಲ್ಲ, ಅದು ದೊಡ್ಡದು. ಮಾರ್ಕು ಕೊಟ್ಟೆನೋ ಅಂತ ಕೇಳಬೇಡಿ. ಕೊಡಲಿಲ್ಲ. ಇವತ್ತಾದರೆ ಕೊಡುತ್ತಿದ್ದೆ.

ಕನ್ನಡದಲ್ಲಿ ಇದಕ್ಕೆ ಏನಿದೆ ಅಂತ ನೋಡೋಣ. ಪತ್ರಿಕೆಯವರು 'ಬಂದ್ ಠುಸ್' ಅಂತ ತಲೆಬರಹ ಕೊಡುತ್ತಾರೆ, 'ಠುಸ್ ಪಟಾಕಿ' ಎಂಬುದು ಎಲ್ಲರ ಬಾಯಲ್ಲೂ ಉಂಟು. ಒಳ್ಳೆಯ ಮಾತು, ಸ್ಕ್ವಿಬ್ಬಿನ ತೀರ ಹತ್ತಿರದ ನೆಂಟ. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ ಅನ್ನುತ್ತೇವೆ. ಇದರಲ್ಲಿ ಸದ್ದಿಗಿಂತ ಪಟ್ಟ ಶ್ರಮದ ದುಃಖ ಹೆಚ್ಚು. ರೋಮಿನ ಕವಿ ಹೊರೇಸ್ ಕ್ರಿಸ್ತಪೂರ್ವದಲ್ಲಿಯೇ, ಬೆಟ್ಟಗಳು ಹೆರಿಗೆ ನೋವು ತಿಂದು ಇಲಿ ಹುಟ್ಟುತ್ತದೆ ಎಂಬ ಮಾತು ಬರೆದಿದ್ದಾನೆ. ಬೆಟ್ಟವೂ ಇಲಿಯೂ ಎರಡು ದೇಶದಲ್ಲಿ ಜೊತೆಯಾಗಿಯೇ ಇವೆ ನೋಡಿ. ನಮ್ಮ ಯಕ್ಷಗಾನದವರ ಮಾತು ಇನ್ನೂ ಚಂದ: 'ಆಟ ರೈಸಲಿಲ್ಲ'. ಹೆಸರಾಂತ ಭಾಗವತರು, ದೊಡ್ಡ ವೇಷಧಾರಿಗಳು, ಬಯಲು ತುಂಬ ಜನ, ಬೆಳಗಿನ ತನಕ ಕೂತರೂ ಆಟ ಏರಲಿಲ್ಲ. ಒಂದೇ ಮಾತಿನಲ್ಲಿ ಇಡೀ ರಾತ್ರಿಯ ತೀರ್ಪು.

ಈ ಎಲ್ಲವನ್ನು ಹರಡಿಕೊಂಡು ಕೂತಾಗ ನನಗೆ ಒಂದು ಸಂಗತಿ ಕಾಣಿಸಿತು. ಇಂಗ್ಲಿಷಿನಲ್ಲಿ ಸಂಭ್ರಮ ಕೆಡುವುದು ನೀರಿನಿಂದ. ತೇವದ ಪಟಾಕಿ, ಖುಷಿಯ ಮೇಲೆ ಒದ್ದೆ ಕಂಬಳಿ, ಮಳೆಗೆ ಕೊಚ್ಚಿಹೋದ ಪಂದ್ಯ. ಕನ್ನಡದಲ್ಲಿ ಹೆಚ್ಚಾಗಿ ಕೆಡುವುದು ಒಣಗಿದ್ದರಿಂದ. ಕಾರ್ಯಕ್ರಮಕ್ಕೆ 'ನೀರಸ ಪ್ರತಿಕ್ರಿಯೆ', ಅಂದರೆ ರಸ ಇಲ್ಲ. ಭಾಷಣ ಒಣ ಭಾಷಣ, ಉಪದೇಶ ಒಣ ಉಪದೇಶ. ಮಳೆಗೆ ಮುಖ ಎತ್ತಿ ಕಾಯುವ ನಾಡಿನಲ್ಲಿ ರಸವೇ ಜೀವ, ವರ್ಷವಿಡೀ ಜಿನುಗುವ ನಾಡಿನಲ್ಲಿ ಒಣಗಿದ್ದೇ ಭಾಗ್ಯ. ಹೀಗೆ ಎರಡು ಪಾಲು ಮಾಡಿ ಖುಷಿಯಲ್ಲಿದ್ದೆ. ಆಗ ನನ್ನ ಮನೆಯವರು, "ಹಾಗಾದ್ರೆ ಆಸೆಗೆ ತಣ್ಣೀರು ಎರಚಿದರು ಅನ್ನುವುದು ಎಂತ?" ಅಂತ ಕೇಳಿದರು. ಸರಿಯಾದ ಪ್ರಶ್ನೆ. ನೀರಿನಲ್ಲಿ ಹೋಮ ಮಾಡಿದ ಹಾಗೆ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ, ಎಳ್ಳುನೀರು ಬಿಟ್ಟ ಹಾಗೆ, ಕನ್ನಡದಲ್ಲೂ ನೀರು ಬೇಕಾದಷ್ಟು ಕೆಡಿಸಿದೆ. ನನ್ನ ಪಾಲು ಅಷ್ಟು ನೇರ ಇಲ್ಲ ಅಂತ ಒಪ್ಪಿಕೊಂಡೆ. ಆದರೂ ಅದನ್ನು ಪೂರ್ತಿ ಬಿಡಲು ಮನಸ್ಸಿಲ್ಲ. ನೀವೂ ಮನೆಗೆ ಹೋಗಿ ಎಣಿಸಿ ನೋಡಿ.

ನಮ್ಮ ಕಾಸರಗೋಡು ಇದರಲ್ಲಿ ಒಂದು ವಿಶೇಷ ಜಾಗ. ವರ್ಷಕ್ಕೆ ಹೆಚ್ಚುಕಡಿಮೆ 3500 ಮಿಲಿಮೀಟರ್ ಮಳೆ ಬೀಳುವ ಊರಿನವರು ನಾವು. ತೇವ ಎಂತೆಂಥದನ್ನು ಕೆಡಿಸುತ್ತದೆ ಅಂತ ನಮಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಅಡಿಕೆಗೆ ಬರುವ ಕೊಳೆರೋಗ ಆಟಿಯ ಮಳೆಯದು. ನನ್ನ ಅಜ್ಜಿಯ ಹಲಸಿನ ಹಪ್ಪಳದ ಡಬ್ಬಿ ನೆನಪಾಗುತ್ತದೆ. ಎಪ್ರಿಲ್, ಮೇ ತಿಂಗಳಲ್ಲಿ ಬೆಳೆದ ಕಾಯಿಯ ಸೊಳೆ ಬೇಯಿಸಿ, ಗುದ್ದಿ, ಉಂಡೆ ಕಟ್ಟಿ, ಒತ್ತಿ, ಚಾಪೆಯ ಮೇಲೆ ಹರಡಿ ಮೂರು ನಾಲ್ಕು ಬಿಸಿಲು ಕೊಟ್ಟು, ನೂರರ ಕಟ್ಟು ಮಾಡಿ ಡಬ್ಬಿಗೆ ತುಂಬುತ್ತಿದ್ದರು. ಜಡಿಮಳೆಯ ಒಂದು ಸಂಜೆ ಯಾರಾದರೂ ನೆಂಟರು ಬಂದರೆ ತೆಂಗಿನೆಣ್ಣೆಯಲ್ಲಿ ಕಾಯಿಸಿ ಕೊಡಬೇಕು, ಅದಕ್ಕಾಗಿ. ಆ ಡಬ್ಬಿಯ ಮುಚ್ಚಳ ಸರಿ ಹಾಕದವರಿಗೆ ಅಜ್ಜಿಯ ಕೈಯಿಂದ ಬೈಗುಳ ತಪ್ಪುತ್ತಿರಲಿಲ್ಲ. ಎಣ್ಣೆಯಿಂದ ತೆಗೆದ ಹಪ್ಪಳ ತಟ್ಟೆಗೆ ಬಂದು, ಮಾತಿನ ಭರದಲ್ಲಿ ನೆಂಟರು ಹತ್ತು ನಿಮಿಷ ಕೈ ಹಾಕದೆ ಕೂತರೆ ಅದು ಮೆತ್ತಗಾಗುತ್ತಿತ್ತು. ನೋಡಲು ಅದೇ ಹಪ್ಪಳ, ಅದೇ ಬಣ್ಣ, ಅದೇ ಗುಳ್ಳೆ. ಕೈಯಲ್ಲಿ ಮುರಿದರೆ ಕಟ್ ಅನ್ನುವುದಿಲ್ಲ, ಬಾಗುತ್ತದೆ. ಅಜ್ಜಿ ಆ ಹಪ್ಪಳವನ್ನು ಎತ್ತಿ ನೋಡುವ ಮುಖ ನನ್ನ ಕಣ್ಣಲ್ಲಿದೆ. 'ಡ್ಯಾಂಪ್' ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ಸಿಕ್ಕಿಲ್ಲ.

ಅಜ್ಜಿ ಯಾವತ್ತೂ ಹಪ್ಪಳಕ್ಕೆ ಬೈಯಲಿಲ್ಲ. ಮುಚ್ಚಳ ಹಾಕದವರಿಗೆ ಬೈದರು. ಈ ನುಡಿಗಟ್ಟಿನಲ್ಲಿ ನನಗೆ ಅತ್ಯಂತ ಬೇಕಾದದ್ದು ಇದೇ. ಪಟಾಕಿ ಸಿಡಿಯಲಿಲ್ಲ ಅಂತ ಮಾತ್ರ ಹೇಳಿ ಬಿಡದೆ, ತೇವ ಹಿಡಿದಿತ್ತು ಅಂತ ಅದು ಕಾರಣವನ್ನೂ ಹೇಳುತ್ತದೆ. ಒಳಗೆ ಮದ್ದು ಇತ್ತು. ಇಡಬೇಕಾದ ಜಾಗದಲ್ಲಿ ಇಟ್ಟಿರಲಿಲ್ಲ. ಠುಸ್ ಎಂಬುದರಲ್ಲಿ ಈ ಕಾರಣ ಇಲ್ಲ, ಅದರಲ್ಲಿ ಬಿದ್ದವನ ಸದ್ದು ಮತ್ತು ನೋಡಿದವರ ನಗೆ ಮಾತ್ರ ಇದೆ.

ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ. ಒಬ್ಬ ಹುಡುಗನ ಮೇಲೆ ಎಲ್ಲರಿಗೂ ಭಾರೀ ಭರವಸೆ ಇತ್ತು. ಜಿಲ್ಲೆಯಲ್ಲಿ ಹೆಸರು ಬರುತ್ತದೆ ಅಂತ ಅವನ ಎದುರಿಗೇ ಹೇಳಿ ಹೇಳಿ ಇಟ್ಟಿದ್ದೆವು. ಅವನು ಪಾಸಾದ, ಅಷ್ಟೇ. ಅಧ್ಯಾಪಕರ ಕೋಣೆಯಲ್ಲಿ ಒಬ್ಬರು, "ಇವ ಠುಸ್ ಪಟಾಕಿ ಆದ ಮಾರಾಯ್ರೆ" ಅಂದರು. ಒಂದಿಬ್ಬರು ನಕ್ಕರು. ನಾನು ನಗಲಿಲ್ಲ, ಆದರೆ ಸುಮ್ಮನೆ ಕೂತೆ. ಬಾಗಿಲ ಆಚೆ ಆ ಹುಡುಗ ಅರ್ಜಿಗೆ ಸಹಿ ಹಾಕಿಸಿಕೊಳ್ಳಲು ನಿಂತಿದ್ದ. ಅವನ ತಂದೆ ಆ ವರ್ಷ ಹಾಸಿಗೆ ಹಿಡಿದಿದ್ದರು, ರಾತ್ರಿ ಆಸ್ಪತ್ರೆಯಲ್ಲಿ ಕೂರುತ್ತಿದ್ದವ ಅವನೇ. ನಮಗೆ ಅದು ಗೊತ್ತಾದದ್ದು ಆಮೇಲೆ. ಮಳೆ ಎಲ್ಲಿಂದ ಸೋರುತ್ತಿತ್ತು ಅಂತ ನಾವು ಯಾರೂ ಮೇಲೆ ನೋಡಿರಲಿಲ್ಲ. ಅವತ್ತು ಎದ್ದು, ಹಾಗೆ ಹೇಳಬೇಡಿ ಅಂತ ಒಂದು ಮಾತು ಆಡಬೇಕಿತ್ತು. ಇಂದು ನಿಮ್ಮೆಲ್ಲರ ಎದುರು ಹೇಳುತ್ತಿದ್ದೇನೆ.

ಡ್ಯಾಂಪ್ ಸ್ಕ್ವಿಬ್ಬನ್ನು ಮನುಷ್ಯರಿಗೆ ಹೇಳಬಾರದು. ಇಂಗ್ಲಿಷಿನಲ್ಲಿಯೂ ಅದು ಮುಖ್ಯವಾಗಿ ಸಂದರ್ಭಕ್ಕೆ, ಪ್ರದರ್ಶನಕ್ಕೆ ಹೇಳುವ ಮಾತು. ನಿರೀಕ್ಷೆಯ ಮಟ್ಟಕ್ಕೆ ಏರದ ಮನುಷ್ಯನ ಬಗ್ಗೆ ಹೇಳಲೇಬೇಕು ಅಂತಾದರೆ ಇನ್ನೊಂದು ನುಡಿಗಟ್ಟು ಇದೆ, 'ನಾಟ್ ಅಪ್ ಟು ಸ್ಕ್ರ್ಯಾಚ್'. ಇದು ಬರಿಗೈಯ ಮುಷ್ಟಿಕಾಳಗದ್ದು. ನೆಲದ ಮೇಲೆ ನಡುವೆ ಒಂದು ಗೀರು ಎಳೆಯುತ್ತಿದ್ದರು, ಅದೇ ಸ್ಕ್ರ್ಯಾಚ್. 1838ರ ಲಂಡನ್ ನಿಯಮದ ಪ್ರಕಾರ ಬಿದ್ದವನಿಗೆ 30 ಸೆಕೆಂಡ್ ವಿರಾಮ. ಅವನ ಕಡೆಯವರು ಎತ್ತಿ ಕೂರಿಸಬಹುದು, ಮುಖಕ್ಕೆ ನೀರು ಹಾಕಬಹುದು. ಕರೆ ಬಂದ ಮೇಲೆ 8 ಸೆಕೆಂಡಿನೊಳಗೆ ಯಾರ ಹೆಗಲೂ ಹಿಡಿಯದೆ ತಾನೇ ನಡೆದು ಆ ಗೀರಿನ ಹತ್ತಿರ ಬರಬೇಕು. ಬಾರದವನು ಸೋತ. ಕ್ರೂರ ಆಟ, ಅದನ್ನು ನಾನು ಹೊಗಳುತ್ತಿಲ್ಲ. ಆದರೆ ಆ ನುಡಿಗಟ್ಟಿನೊಳಗೆ ಬಿದ್ದವನಿಗೆ 30 ಸೆಕೆಂಡ್ ಇದೆ, ಮುಖಕ್ಕೆ ನೀರು ಹಾಕುವ ಒಬ್ಬ ಇದ್ದಾನೆ. ನಮ್ಮ ಅಧ್ಯಾಪಕರ ಕೋಣೆಯ ಮಾತಿನಲ್ಲಿ ಅದೂ ಇರಲಿಲ್ಲ.

ಇನ್ನು ಒಂದೇ ಸಂಗತಿ, ಅದನ್ನು ಹೇಳದೆ ಈ ಊರಿನಲ್ಲಿ ನಿರೀಕ್ಷೆಯ ಬಗ್ಗೆ ಮಾತನಾಡಿದ ಹಾಗೆ ಆಗುವುದಿಲ್ಲ. ಹಿಂದೆ ಒಂದು ಪ್ರಬಂಧ ಸ್ಪರ್ಧೆಯಲ್ಲಿ ಒಬ್ಬ ವಿದ್ಯಾರ್ಥಿ ಮಹಾಜನ ವರದಿಯನ್ನು ಇಂಗ್ಲಿಷಿನಲ್ಲಿ ಡ್ಯಾಂಪ್ ಸ್ಕ್ವಿಬ್ ಅಂತ ಬರೆದಿದ್ದ. 1956ರ ನವೆಂಬರ್ 1ರಂದು, ದಕ್ಷಿಣ ಕನ್ನಡದ ಭಾಗವಾಗಿದ್ದ ಕಾಸರಗೋಡು ಕೇರಳಕ್ಕೆ ಸೇರಿತು. 1967ರಲ್ಲಿ ಬಂದ ಮಹಾಜನ ಆಯೋಗದ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ಹೇಳಿತು. ಅದು ಜಾರಿಗೆ ಬರಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಯವರು ತಮ್ಮ ದೀರ್ಘ ಬಾಳಿನ ಉದ್ದಕ್ಕೂ ಆ ಮಾತನ್ನು ಬಿಡಲಿಲ್ಲ, 2015ರಲ್ಲಿ ನೂರರ ವಯಸ್ಸಿನಲ್ಲಿ ತೀರಿಕೊಳ್ಳುವ ತನಕ ಕಾದರು. ಸ್ಪರ್ಧೆಯ ತೀರ್ಪುಗಾರರಲ್ಲಿ ಒಬ್ಬ ಹಿರಿಯರು ಆ ಸಾಲಿನ ಮೇಲೆ ಬೆರಳಿಟ್ಟು, "ವ್ಯಾಕರಣ ಸರಿ ಉಂಟು ಟೀಚರ್. ಆದ್ರೆ ಇದು ಪಟಾಕಿ ಅಲ್ಲವಲ್ಲ" ಅಂದರು. ಅವರ ಕಣ್ಣು ಒದ್ದೆಯಾಗಿತ್ತು.

ಅದಕ್ಕಿಂತ ನಿಖರವಾಗಿ ನಾನು ಹೇಳಲಾರೆ. ಕೇರಳದ ಮಣ್ಣಿನಲ್ಲಿ ನಮಗೆ ಶಾಲೆ ಸಿಕ್ಕಿದೆ, ನೆರೆಕರೆ ಸಿಕ್ಕಿದೆ, ಮಲಯಾಳ ನಮ್ಮ ಮಕ್ಕಳ ನಾಲಿಗೆಯ ಮೇಲೂ ಇದೆ. ಅದರ ಬಗ್ಗೆ ನನಗೆ ದೂರು ಇಲ್ಲ. ಆದರೆ ಒಂದು ತಲೆಮಾರು ಕಾದದ್ದು ಸದ್ದಿಗಾಗಿ ಅಲ್ಲ. ಡ್ಯಾಂಪ್ ಸ್ಕ್ವಿಬ್ ಹಗುರ ಮಾತು. ಒಂದು ಸಂಜೆಯ ನಿರಾಸೆಯನ್ನು ಅದು ಹೊರುತ್ತದೆ, ಒಂದು ಜೀವಮಾನದ್ದನ್ನು ಹೊರಲಾರದು. ಅಂಥದ್ದಕ್ಕೆ ಸುಮ್ಮನೆ 'ಆಗಲಿಲ್ಲ' ಅಂತ ಬರೆಯುವುದೇ ಮರ್ಯಾದೆ.

ಮಾತು ಮುಗಿದ ಮೇಲೆ ಆ ಹುಡುಗಿ ಒಂದು ಚೀಟಿ ತಂದು ಕೊಟ್ಟಳು. ಪತ್ರಿಕೆಯ ಆ ಸಾಲನ್ನು ಬಿಟ್ಟು, ತನ್ನ ಶಾಲೆಯ ವಾರ್ಷಿಕೋತ್ಸವದ ಬಗ್ಗೆ ಒಂದು ವಾಕ್ಯ ಬರೆದಿದ್ದಳು: "ಎರಡು ತಿಂಗಳು ಕಿವಿ ಮುಚ್ಚಿ ಕಾದೆವು, ಗರ್ನಾಲು ಚಂಡಿ ಆಗಿತ್ತು." ಚಂದ ಉಂಟು ಅಂತ ಹೇಳಿದೆ. ಆದರೆ ಮಾಷ್ಟ್ರಿಕೆ ಮಾಡಿದ ಕೈ ಸುಮ್ಮನಿರುವುದಿಲ್ಲ. ಚಂಡಿ ಅಂದರೆ ಪೂರ್ತಿ ಒದ್ದೆ, ಡ್ಯಾಂಪ್ ಅಂದರೆ ಸ್ವಲ್ಪ ಪಸೆ ಮಾತ್ರ, ಆದ್ದರಿಂದ 'ಥಂಡಿ ಹಿಡಿದಿತ್ತು' ಅಂತ ಬರೆದರೆ ಇನ್ನೂ ಸರಿಯಾಗುತ್ತದೆ ಅಂದೆ.

ಅವಳು ಚೀಟಿಯನ್ನೂ, ಹೊರಗೆ ಅಂಗಳದಲ್ಲಿ ನಿಂತ ನೀರನ್ನೂ ನೋಡಿದಳು. "ಇಲ್ಲ ಟೀಚರ್. ನಮ್ಮಲ್ಲಿ ಮಳೆ ಬಂದ್ರೆ ಯಾವುದೂ ಸ್ವಲ್ಪ ಪಸೆ ಆಗುವುದಿಲ್ಲ. ಚಂಡಿಯೇ ಆಗುವುದು" ಅಂದಳು.

ಚೀಟಿಯನ್ನು ತಿದ್ದದೆ ಹಾಗೇ ಅವಳ ಕೈಗೆ ಕೊಟ್ಟೆ.